ಮಾಸ್ತರರಿಗೊಬ್ಬರಿಗೇ ಕೇಳುವ ಸಪ್ಪಳ

ಎಕ್ಸಿಲೇಟರ್ ತುಳಿದರೆ ಸಾಕು, ಟಕ್ ಟಕ್ ಟಕ್ ಟಕ್. ಕಾಲು ತೆಗೆದರೆ ಸುಮ್ಮನೆ. ಮತ್ತೆ ತುಳಿದರೆ ಮತ್ತೆ ಟಕ್ ಟಕ್ ಟಕ್ ಟಕ್. ಅಂಕಲಿಯ ಪಾರಿಸ ಮಾಸ್ತರರು ಎಂಟು ದಿನಗಳಿಂದ ಈ ಸಪ್ಪಳ ಕೇಳಿ ಕೇಳಿ ತಲೆ ಕೆಡಿಸಿಕೊಂಡಿದ್ದರು. ಶಾಲೆಗೆ ಹೋಗುವಾಗ ಟಕ್ ಟಕ್, ಬರುವಾಗ ಟಕ್ ಟಕ್. ರಾತ್ರಿ ಕಣ್ಣು ಮುಚ್ಚಿದರೂ ಅದೇ.

ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಯಾವ ಮಾತನ್ನೂ ಸಾಧಿಸಿ ತೋರಿಸದೆ ಬಿಡುವ ಆಸಾಮಿಯಲ್ಲ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೆ ಸುಮ್ಮನೆ ನೀರು ಕುಡಿಯಬಾರದೇ? ಇಲ್ಲ, ಮೂರು ಕಾರಣ ಹೇಳಿ, ಕೊನೆಗೆ ‘ಆದ್ದರಿಂದ ಉಪ್ಪು ಹೆಚ್ಚಾಗಿದೆ’ ಎಂದು ಮುಗಿಸಿದರೇ ಅವರಿಗೆ ಸಮಾಧಾನ. ಇಂಥವರ ಕಾರಿಗೇ ಬಂದು ಸೇರಿಕೊಳ್ಳಬೇಕೇ ಆ ಸಪ್ಪಳ!

ಬರಲಿ, ಯಾವತ್ತಾದರೂ ಬರಲಿ. ಆದರೆ ಈ ಭಾನುವಾರ ಬೇಡವಾಗಿತ್ತು. ಈ ಭಾನುವಾರ ಕಾಗವಾಡದಲ್ಲಿ ಅವರ ನಾದಿನಿ ಮನಿಷಾಳ ಸಾಖರಪುಡಾ, ಅಂದರೆ ಮದುವೆಯ ನಿಶ್ಚಯ ಕಾರ್ಯ. ಗಂಡಿನವರು ಸಾಂಗ್ಲಿ ಕಡೆಯವರು. ಮಧ್ಯಾಹ್ನ ಎರಡು ಗಂಟೆಗೆ ಅವರು ಬಂದಿಳಿದಾಗ ಹಿರಿಯ ಅಳಿಯ ಬಾಗಿಲಲ್ಲಿ ನಿಂತು ಎದುರುಗೊಳ್ಳಬೇಕು. ಹೆಂಡತಿ ರಾಜಮತಿ ತಯಾರಿಗೆಂದು ಎಂಟು ದಿನ ಮೊದಲೇ ತವರಿಗೆ ಹೋಗಿ ಕುಳಿತಿದ್ದಳು. ಬೆಳಿಗ್ಗೆ ಏಳಕ್ಕೇ ಅವಳ ಫೋನು.

“ಏನ್ರಿ, ಹೊಂಟ್ರ್ಯಾ?”

“ಹೊಂಟೇನಿ ರಾಜಮತಿ. ಆದ್ರ ಗಾಡ್ಯಾಗ ಒಂದ ನಮೂನಿ ಸಪ್ಪಳ ಬರಾಕತ್ತೈತಿ...”

“ಬಂತ್ ನೋಡ! ಮನಿ ವಾಸ್ತುಶಾಂತಿಗೆ ಗಾಡಿ ಪಂಕ್ಚರ. ಅಪ್ಪಾರ ಅರವತ್ತನೇ ಹುಟ್ಟಿದ ದಿನಕ್ಕ ಗಾಡಿ ಬ್ಯಾಟರಿ ಡೌನ್. ಈಗ ಸಪ್ಪಳ. ನಮ್ಮಪ್ಪನ ಮನಿಗೆ ಬರೂ ದಿನಾನ ನಿಮ್ಮ ಗಾಡಿಗೆ ಜಡ್ಡ ಬರತೈತೇನ್ರಿ?”

“ಖರೇನ ಬರಾಕತ್ತೈತಿ, ನಿನ್ನ ಮ್ಯಾಲಾಣಿ!”

“ನನ್ನ ಮ್ಯಾಲ ಆಣಿ ಮಾಡಬ್ಯಾಡ್ರಿ. ನಾ ಕುಂತ ಬಂದಾಗ ಒಂದ ಸಪ್ಪಳ ಇರಲಿಲ್ಲ. ನೋಡ್ರಿ, ಈ ಸಲ ನಮ್ಮ ಮನ್ಯಾವ್ರು ಬಂದ ಬರತಾರಂತ ಎಲ್ಲಾರ ಮುಂದ ಹೇಳೀನಿ. ಇವತ್ತೂ ಗಾಡಿ ನೆವಾ ಹೇಳಿದ್ರ ನಾ ನಿಮ್ಮ ಜೋಡಿ ಮನಿಗೆ ಬರಾಂಗಿಲ್ಲ. ಇಲ್ಲೇ ಇರತೀನಿ.”

ಫೋನು ಕಟ್ಟಾಯಿತು. ರಾಜಮತಿ ಜಗಳ ಮಾಡಿದರೆ ಹೆದರಬೇಕಾಗಿಲ್ಲ, ಅದು ದಿನದ ಮಾತು. ಆದರೆ ಅವಳು ದನಿ ಏರಿಸದೆ ಒಂದು ಮಾತು ಹೇಳಿದಳೆಂದರೆ ಅದು ಕಲ್ಲಿನ ಮೇಲೆ ಕೊರೆದ ಹಾಗೆ. ಎಂಟು ದಿನ ಹೋಟೆಲಿನ ಡಬ್ಬಿ ಉಂಡು ಮಾಸ್ತರರಿಗೆ ಸಾಕುಸಾಕಾಗಿತ್ತು. ಅವಳು ಬಾರದೇ ಹೋದರೆ ಏನು ಗತಿ?

ಹಾಗೇ ಹೊರಟುಬಿಡಲೂ ಧೈರ್ಯವಾಗಲಿಲ್ಲ. ಕೃಷ್ಣೆಯ ಸೇತುವೆಯ ಮೇಲೆ ಕಾರು ಕೆಟ್ಟು ನಿಂತರೆ ಆಗಲೂ ಯಾರೂ ನಂಬುವುದಿಲ್ಲ. ಮೊದಲು ಸಪ್ಪಳ ಎಲ್ಲಿಂದ ಬರುತ್ತದೆಂದು ತಿಳಿಯಬೇಕು. ಅದಕ್ಕೂ ಮೊದಲು, ಸಪ್ಪಳ ಬರುವುದು ನಿಜ ಎಂದು ಹೇಳುವ ಒಬ್ಬ ಸಾಕ್ಷಿಯಾದರೂ ಬೇಕು.

ಸಾಕ್ಷಿ ಪಕ್ಕದ ಮನೆಯಲ್ಲೇ ಇದ್ದ. ಲಗಮಣ್ಣ ಕಬ್ಬಿನ ಟ್ರ್ಯಾಕ್ಟರ್ ಹೊಡೆದು ಹೊಡೆದು ತಲೆ ಹಣ್ಣು ಮಾಡಿಕೊಂಡ ರೈತ. ಇಂಜಿನ್ನಿನ ದನಿ ಕೇಳಿಯೇ ಡೀಸೆಲ್ ಎಷ್ಟಿದೆ ಹೇಳುತ್ತೇನೆ ಎನ್ನುವವ.

“ಸಪ್ಪಳಾ? ಅದೇನ ದೊಡ್ಡ ಮಾತ್ರಿ ಮಾಸ್ತರ. ನಡೀರಿ, ಕೇಳಿ ಹೇಳತೀನಿ” ಎಂದವನೇ ಔಷಧಿ ಹೊಡೆಯುವ ಪಂಪನ್ನು ಹಿಂದೆ ಡಿಕ್ಕಿಯಲ್ಲಿಟ್ಟು ಮಾಸ್ತರರ ಪಕ್ಕ ಕುಳಿತ. “ನಮ್ಮ ಹೊಲದ ಕಡೆ ಹೊಡೀರಿ, ಆ ರಸ್ತೆದಾಗ ಛಲೋ ಕೇಳತೈತಿ.”

ಮಾಸ್ತರರು ಎಕ್ಸಿಲೇಟರ್ ತುಳಿದರು. ಸಪ್ಪಳವಿಲ್ಲ. ಇನ್ನಷ್ಟು ತುಳಿದರು. ಇಂಜಿನ್ನು ಬೆಣ್ಣೆ ತಿಂದಂತೆ ಓಡಿತು.

“ಎಲ್ಲೈತ್ರಿ ಸಪ್ಪಳ?”

“ತಡಿಯಪಾ, ಬರತೈತಿ.”

“ನನಗೇನೂ ಕೇಳವಲ್ದು. ನಿಂದರಸ್ರಿ, ಹೊಲಾ ಬಂತು.” ಲಗಮಣ್ಣ ಪಂಪು ಇಳಿಸಿಕೊಂಡು ಹೊರಟೇ ಬಿಟ್ಟ.

ಮಾಸ್ತರರು ಕಾರು ತಿರುಗಿಸಿ ಕಾಲು ಒತ್ತಿದರು. ಟಕ್ ಟಕ್ ಟಕ್ ಟಕ್! ಹೌಹಾರಿ ಬ್ರೇಕು ಹಾಕಿ, ಕಬ್ಬಿನೊಳಗೆ ನುಗ್ಗುತ್ತಿದ್ದ ಲಗಮಣ್ಣನನ್ನು ಅಂಗಿ ಹಿಡಿದು ಎಳೆದು ತಂದು ಮತ್ತೆ ಕೂರಿಸಿದರು. ಕಾಲು ಒತ್ತಿದರು. ಏನೂ ಇಲ್ಲ. ನಾಲ್ಕು ಸಲ ಹೊಲದ ಹಾದಿಯಲ್ಲಿ ಮೇಲೆ ಕೆಳಗೆ ಓಡಿಸಿದರು. ಏನೂ ಇಲ್ಲ. ಲಗಮಣ್ಣ ಕಾರಿನ ಸಪ್ಪಳ ಕೇಳುವುದು ಬಿಟ್ಟು ಮಾಸ್ತರರ ಮುಖವನ್ನೇ ನೋಡತೊಡಗಿದ.

“ಮಾಸ್ತರ, ರಾತ್ರಿ ನಿದ್ದಿ ಬರೋಬರಿ ಆಗಾಕತ್ತೈತೇನ್ರಿ?” ಎಂದು ಮೆಲ್ಲಗೆ ಕೇಳಿ ಇಳಿದುಹೋದ. ಅವನು ಕಬ್ಬಿನಲ್ಲಿ ಮರೆಯಾದದ್ದೇ ತಡ, ಮತ್ತೆ ಟಕ್ ಟಕ್.

ಮಾಸ್ತರರು ಮನೆ ಮುಟ್ಟುವಷ್ಟರಲ್ಲಿ ಲಗಮಣ್ಣನ ಫೋನು ಓಣಿಗೆಲ್ಲ ಮುಟ್ಟಿತ್ತು. ಎದುರು ಮನೆಯ ಶಿವಗಂಗವ್ವ ಮೂರು ಲಿಂಬೆಹಣ್ಣು ಹಿಡಿದು ರಸ್ತೆಗೇ ಬಂದು ನಿಂತಿದ್ದಳು. ಓಣಿಯ ಯಾರಿಗೆ ಜ್ವರ ಬಂದರೂ, ಯಾರ ಎಮ್ಮೆ ಹಾಲು ಕೊಡದಿದ್ದರೂ ಮೊದಲು ಬರುವವಳು ಇವಳೇ.

“ಅಲ್ಲೋ ಪಾರಿಸಾ, ಮಂದಿಗೆ ಕೇಳದ್ದು ನಿನಗೊಬ್ಬವಗ ಕೇಳತೈತೆಂತಲ್ಲೋ ಯಪ್ಪಾ! ಹೆಂಡತಿ ಮನ್ಯಾಗಿಲ್ಲ. ಒಬ್ಬಾಂವ ಇದ್ದಿ. ಯಾರದರ ಕಣ್ಣ ಬಿದ್ದಿರಬೇಕು.”

“ಅವ್ವಾ, ಕಣ್ಣೂ ಇಲ್ಲ ಕಿವೀನೂ ಇಲ್ಲ. ಗಾಡೀದಾಗ ಏನೋ ಕೆಟ್ಟೈತಿ. ಚಿಕ್ಕೋಡಿಗೆ ಮೆಕ್ಯಾನಿಕ್ ಕಡೆ ಹೊಂಟೇನಿ.”

“ಚಿಕ್ಕೋಡಿಗಾ? ಹಂಗಾರ ನಾನೂ ಬರತೀನಿ ನಡಿ. ನಿನ್ನೊಬ್ಬನ್ನ ಹೆಂಗ ಕಳಸೂದು? ಅಲ್ಲೆ ಮಗಳ ಮನೀನೂ ಐತಿ.”

ಬೇಡ ಎನ್ನುವಷ್ಟರಲ್ಲಿ ಶಿವಗಂಗವ್ವ ಕಾರಿಗೆ ನಿವಾಳಿಸಿ, ಒಂದು ಲಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು, ಉಳಿದೆರಡನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ನಂಬಿದರೆ ನಂಬಿ, ಅಂಕಲಿಯಿಂದ ಚಿಕ್ಕೋಡಿಯವರೆಗೆ ಒಂದೇ ಒಂದು ಟಕ್ ಇಲ್ಲ. ಮಾಸ್ತರರು ಬೇಕೆಂದೇ ತಗ್ಗು ದಿನ್ನೆಗಳಲ್ಲಿ ಓಡಿಸಿದರು, ಏರಿನಲ್ಲಿ ಕಾಲು ಪೂರ್ತಿ ಒತ್ತಿದರು. ಶಿವಗಂಗವ್ವ ಹಾಯಾಗಿ ನಿದ್ದೆ ಹೋದಳು.

ಮಗಳ ಮನೆಯ ಮುಂದೆ ಇಳಿಯುತ್ತ, “ನೋಡಿದಿಲ್ಲೋ? ಲಿಂಬಿಹಣ್ಣ ಹೆಂಗ ಕೆಲಸಾ ಮಾಡ್ತು!” ಎಂದು ಬೀಗಿದಳು. ಮಾಸ್ತರರಿಗೂ ಒಂದು ಕ್ಷಣ ಹಾಗೇ ಅನ್ನಿಸಿತು, ಸುಳ್ಳೇಕೆ? ಗಣಿತ ಪಕ್ಕಕ್ಕಿಟ್ಟು ಕೈ ಮುಗಿದರು. ಆದರೆ ತಿರುವು ದಾಟಿದರೋ ಇಲ್ಲವೋ, ಟಕ್ ಟಕ್ ಟಕ್ ಟಕ್. ಇದೇನು, ಕಾರಿಗೆ ಮನುಷ್ಯರ ಗುರುತು ಸಿಗುತ್ತದೆಯೇ? ತನ್ನೊಬ್ಬನ ಮೇಲೇ ಏಕೆ ಇದಕ್ಕೆ ಸಿಟ್ಟು?

ಅವರ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಸಪ್ಪಳ ಬರುತ್ತಿರುವಾಗಲೇ ರಾಜಮತಿಗೆ ಫೋನು ಮಾಡಿ, “ಕೇಳಿಲ್ಲಿ, ಕೇಳಿಲ್ಲಿ, ಬಡ್ಯಾಕತ್ತೈತಿ!” ಎಂದು ಕೂಗಿದರು. ಆ ಕಡೆ ಪೆಂಡಾಲಿನಲ್ಲಿ ಸೌಂಡ್ ಬಾಕ್ಸ್ ಪರೀಕ್ಷೆ ನಡೆದಿತ್ತು. ರಾಜಮತಿಗೆ ಕೇಳಿಸಿದ್ದು ಗಂಡನ ಚೀರಾಟ ಮಾತ್ರ.

“ಯಾರ ಬಡ್ಯಾಕತ್ತಾರ್ರೀ ನಿಮಗ? ಎಲ್ಲಿದ್ದೀರಿ?”

“ಚಿಕ್ಕೋಡ್ಯಾಗ!”

“ಚಿಕ್ಕೋಡ್ಯಾಗಾ? ಕಾಗವಾಡ ಈ ಕಡೆ ಐತಿ, ನೀವು ಆ ಕಡೆ ಹೋಗೀರಿ. ಆತು ಬಿಡ್ರಿ, ತಿಳೀತು.” ಮತ್ತೆ ಕಟ್.

ಭಾನುವಾರವೂ ತೆರೆದಿರುವ ಗ್ಯಾರೇಜೆಂದರೆ ದಾದಾಸಾಹೇಬನದು. ಒಳ್ಳೆಯ ಕೈ, ಮಾತು ಕಡಿಮೆ. ಅವನು ಬಾನೆಟ್ ಎತ್ತಿ ನೋಡಿದ, ಆಯಿಲ್ ನೋಡಿದ, ನಾಲ್ಕೂ ಚಕ್ರ ಅಲ್ಲಾಡಿಸಿದ, ಕೆಳಗೆ ನುಸುಳಿ ಸೈಲೆನ್ಸರ್ ಬಡಿದು ನೋಡಿದ.

“ನಡೀರಿ ಸರ, ಒಂದ ರೌಂಡ್ ಹೊಡಿಯೂಣ.”

ಮಾಸ್ತರರು ಓಡಿಸಿದರು, ದಾದಾಸಾಹೇಬ ಪಕ್ಕದಲ್ಲಿ ಕಿವಿಗೊಟ್ಟು ಕುಳಿತ. ಸಪ್ಪಳವಿಲ್ಲ. ಆಮೇಲೆ ದಾದಾಸಾಹೇಬ ಓಡಿಸಿದ, ಮಾಸ್ತರರು ಪಕ್ಕದಲ್ಲಿ ಕುಳಿತರು. ಸಪ್ಪಳವಿಲ್ಲ. ಮಾಸ್ತರರಿಗೆ ಅಳು ಬರುವುದೊಂದು ಬಾಕಿ.

“ನೀ ಒಬ್ಬನ ಒಯ್ದು ನೋಡಪಾ. ಯಾರರ ಜೋಡಿ ಇದ್ರ ಇದು ಬಾಯಿ ಬಿಡವಲ್ದು.”

“ಗಿರಾಕಿ ಗಾಡಿ ನಾ ಒಬ್ಬನ ಒಯ್ಯಾಂಗಿಲ್ರಿ ಸರ. ಹಿಂದಕೊಮ್ಮೆ ಪೆಟ್ರೋಲ್ ಕಮ್ಮಿ ಆತಂತ ಒಬ್ರು ದೊಡ್ಡ ಗದ್ದಲಾ ಮಾಡಿದ್ರು. ಅವತ್ತಽ ಕಿವಿ ಹಿಡಕೊಂಡೇನಿ. ನೀವು ಒಬ್ರ ಹೊಡೀರಿ, ನಾ ಇಲ್ಲೇ ರಸ್ತೆದಾಗ ನಿಂತ ಕೇಳತೀನಿ.”

ಮಾಸ್ತರರು ಒಬ್ಬರೇ ಕಾರು ಏರಿ ಗ್ಯಾರೇಜಿನ ಮುಂದೆ ಹಾದುಹೋದರು. ಒಳಗೆ ಟಕ್ ಟಕ್ ಟಕ್ ಟಕ್, ಕಿವಿ ತೂತಾಗುವ ಹಾಗೆ. “ಕೇಳ್ತ? ಕೇಳ್ತ?” ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತ ಆರು ಸಲ ಹಾದರು. ದಾದಾಸಾಹೇಬ ಆರು ಸಲವೂ ತಲೆಯಾಡಿಸಿ ಇಲ್ಲವೆಂದ. ಎದುರಿನ ಚಹಾದಂಗಡಿಯಲ್ಲಿ ಕುಳಿತವರು ಎದ್ದು ಬಂದು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತರು. ಏಳನೆಯ ಸಲಕ್ಕೆ ಅವರಲ್ಲೊಬ್ಬ ಚಪ್ಪಾಳೆ ತಟ್ಟಿದ.

ನಂತರ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ. ಪೆಟ್ರೋಲಿನಲ್ಲಿ ಎಥೆನಾಲ್ ಹೆಚ್ಚಾಗಿದೆ ಎಂದ ಒಬ್ಬ. “ಹಂಗಂದ್ರ ನಮ್ಮ ಕಬ್ಬಿನ ಮ್ಯಾಲ ಹಾಕತೀಯೇನ್ಲೇ?” ಎಂದು ಇನ್ನೊಬ್ಬ ಮೈಮೇಲೆ ಬಂದ. ಅವರಿಬ್ಬರ ಜಗಳ ಬಿಡಿಸಲು ಹದಿನೈದು ನಿಮಿಷ ಬೇಕಾಯಿತು. ಇಂಜಿನ್ ಕೂರುವ ರಬ್ಬರ್ ಸವೆದಿದೆ ಎಂದ ಮೂರನೆಯವ. ಏನಾದರೊಂದು ಮಾಡಲೇಬೇಕಲ್ಲ ಎಂದು ದಾದಾಸಾಹೇಬ ಆ ರಬ್ಬರನ್ನೂ ಬದಲಿಸಿದ, ಪ್ಲಗ್ಗುಗಳನ್ನೂ ಬದಲಿಸಿದ. ಗಂಟೆ ಎರಡೂವರೆ. ಮಾಸ್ತರರು ಒಬ್ಬರೇ ಒಂದು ಸುತ್ತು ಹೊಡೆದು ಬಂದರು. ಇಳಿದಾಗ ಅವರ ಮುಖ ಸುಣ್ಣ ಬಳಿದಂತಾಗಿತ್ತು.

“ಐತಿ. ಇನ್ನೂ ಐತಿ.”

ದಾದಾಸಾಹೇಬ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಹೇಳಿದ: “ತಪ್ಪ ತಿಳ್ಕೋಬ್ಯಾಡ್ರಿ ಸರ. ನಮ್ಮ ಮಾವಗೂ ಹಿಂಗಽ ಆಗಿತ್ತು. ಕಿವಿ ಡಾಕ್ಟರ್ ಕಡೆ ತೋರಿಸಿದ್ವಿ, ಈಗ ಬೇಸ್ ಅದಾರ.”

ಮಾಸ್ತರರಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಪಾಠ ಹೇಳಿದ ತನಗೆ ಕಿವಿ ಸರಿಯಿಲ್ಲವೇ? ತಲೆ ಸರಿಯಿಲ್ಲವೇ? ಅಷ್ಟರಲ್ಲಿ ಕಾಗವಾಡದಿಂದ ಷಡ್ಡಕ ಅಮಿತನ ಫೋನು. ಎರಡನೆಯ ಅಳಿಯ, ಹೊಸ ದೊಡ್ಡ ಕಾರಿನ ಒಡೆಯ, ಮಾವನ ಮನೆಯ ಯಾವ ಕಾರ್ಯಕ್ಕೂ ಹಿಂದಿನ ದಿನವೇ ಬಂದು ಕುರ್ಚಿ ಸಾಲು ಹಚ್ಚುವವ.

“ಮಾಸ್ತರ, ಗಂಡಿನವ್ರು ಬಂದಾರ್ರಿ. ನಿಮ್ಮ ಜಾಗಾಕ್ಕ ನಾನಽ ನಿಂತ ಬರಮಾಡಿಕೊಂಡೀನಿ. ರಾಜಮತಿ ಅಕ್ಕಾರ ಅಡಿಗಿಮನ್ಯಾಗ ಕುಂತ ಕಣ್ಣೀರ ಹಾಕಾಕತ್ತಾರ. ಗಾಡಿ ನೆವಾ ಬಿಟ್ಟ ಬಸ್ಸಿಗರ ಬರ್ರಲಾ.”

ನೆವ! ಮಾಸ್ತರರು ಫೋನಿಟ್ಟು ಹಲ್ಲು ಕಡಿದರು. ಆಗಲೇ ಅವರಿಗೆ ಹೊಳೆದದ್ದು. ಮನುಷ್ಯರು ಪಕ್ಕದಲ್ಲಿದ್ದರೆ ಸಪ್ಪಳ ಬರುವುದಿಲ್ಲ, ಸರಿ. ಮೊಬೈಲು ಮನುಷ್ಯನಲ್ಲವಲ್ಲ! ಅದನ್ನು ಗಾಜಿನ ಹತ್ತಿರದ ಸ್ಟ್ಯಾಂಡಿಗೆ ಸಿಕ್ಕಿಸಿ, ರೆಕಾರ್ಡಿಂಗ್ ಒತ್ತಿ, ಕಾಗವಾಡದ ದಾರಿ ಹಿಡಿದರು. ಕಾಲು ಒತ್ತಿದಾಗಲೆಲ್ಲ ಸಪ್ಪಳ ತಪ್ಪದೆ ಬಂತು. ಎಂಟು ದಿನಗಳಲ್ಲಿ ಮೊದಲ ಸಲ ಅದನ್ನು ಕೇಳಿ ಅವರಿಗೆ ಸಂತೋಷವಾಯಿತು. “ಬಡಿ ಮಗನ, ಬಡಿ, ಇನ್ನೂ ಬಡಿ” ಎಂದು ಹುರಿದುಂಬಿಸಿದರು. ದಾರಿಯುದ್ದಕ್ಕೂ ಮೊಬೈಲು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕುಳಿತಿತ್ತು. ಕಾಗವಾಡದ ಮನೆಯ ಮುಂದೆ ಕಾರು ನಿಂತಾಗ ಐದು ಗಂಟೆ. ಮಾಸ್ತರರು ರೆಕಾರ್ಡಿಂಗ್ ನಿಲ್ಲಿಸಿ, ಯುದ್ಧ ಗೆದ್ದವರಂತೆ ಇಳಿದರು.

ಉಂಗುರ ತೊಡಿಸಿ, ಸಕ್ಕರೆ ಹಂಚಿ ಎಲ್ಲ ಮುಗಿದಿತ್ತು. ಕಾಂದಾ ಅಂದರೆ ಈರುಳ್ಳಿಯನ್ನೂ ಮುಟ್ಟದ, ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವ ಜೈನ ಮನೆತನ, ಆದ್ದರಿಂದ ಪೆಂಡಾಲಿನಲ್ಲಿ ಪಂಕ್ತಿ ಕುಳಿತಿತ್ತು. ಅತ್ತೆ ಗಂಡಿನ ತಾಯಿಗೆ ಬಡಿಸುತ್ತ ಮಾಸ್ತರರನ್ನು ತೋರಿಸಿದರು.

“ಇವ್ರಽ ನೋಡ್ರಿ ನಮ್ಮ ಹಿರೇ ಅಳಿಯಾರು. ಬರೂದ ತಡಾ ಮಾಡಿದ್ರೂ ಮನಷ್ಯಾ ಬಂಗಾರ. ಮುನಿಗಳ ಮುಂದ ನೇಮಾ ತಗೊಂಡಾರ. ವರ್ಷ ಆಗಾಕ ಬಂತು, ಕಾಂದಾ ಮುಟ್ಟಿಲ್ಲ, ಹೊರಗಿಂದ ಬಾಯಾಗ ಹಾಕಿಲ್ಲ.”

ಕನ್ನಡ ಅಷ್ಟಿಷ್ಟು ತಿಳಿಯುವ ಗಂಡಿನ ತಾಯಿ ಭಕ್ತಿಯಿಂದ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ರಾಜಮತಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಮಾವ ಕುರ್ಚಿಯಿಂದ ಏಳದೆ ಕೇಳಿದರು: “ಬರ್ರಿ ಮಾಸ್ತರ. ಈ ಸಲ ಏನಾಗಿತ್ತು?”

“ಗಾಡ್ಯಾಗ ಸಪ್ಪಳ ಬರಾಕತ್ತಿತ್ರಿ ಮಾವಾರ.”

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು.

“ನಂಬಾಂಗಿಲ್ಲ ನೀವು, ನನಗ ಗೊತ್ತೈತಿ. ಅದಕ್ಕಽ ಪುರಾವೆ ತಂದೀನಿ!” ಮಾಸ್ತರರು ಮೊಬೈಲು ಎತ್ತಿ ಹಿಡಿದು ಒತ್ತಿದರು. ಅಷ್ಟು ಜನರ ಗಲಾಟೆಯಲ್ಲಿ ಅದರ ದನಿ ಇರುವೆಯ ದನಿ.

“ಇಲ್ಲಿ ಕೊಡ್ರಿ ಮಾಸ್ತರ, ಸೌಂಡ್ ಬಾಕ್ಸಿಗೆ ಜೋಡಸ್ತೀನಿ. ಎಲ್ಲಾರೂ ಕೇಳಲಿ” ಎಂದು ಅಮಿತ ಮೊಬೈಲು ಇಸಿದುಕೊಂಡ. ಮಾಸ್ತರರಿಗೆ ಅವತ್ತು ಮೊದಲ ಸಲ ಅವನ ಮೇಲೆ ಪ್ರೀತಿ ಬಂತು. ಆಳೆತ್ತರದ ಎರಡು ಪೆಟ್ಟಿಗೆಗಳು ಒಮ್ಮೆ ಕೆಮ್ಮಿದವು. ಆಮೇಲೆ ಇಡೀ ಓಣಿ ಅದುರುವ ಹಾಗೆ: ಟಕ್! ಟಕ್! ಟಕ್! ಟಕ್!

ತುತ್ತು ಬಾಯಿಗೊಯ್ಯುತ್ತಿದ್ದವರ ಕೈ ಅಲ್ಲೇ ನಿಂತಿತು. ಮಾವ ಎದ್ದು ನಿಂತರು.

“ಅಯ್ಯ, ಖರೇನ ಐತ್ಲಾ! ಇಂಥಾ ಗಾಡ್ಯಾಗ ಬಂದ್ರ್ಯಾ ಮಾಸ್ತರ?”

ರಾಜಮತಿ ಓಡಿಬಂದು ಗಂಡನ ಪಕ್ಕ ನಿಂತಳು. “ನಂದ ತಪ್ಪಾತ್ರಿ. ನಾ ಸುಮ್ಮನ ಏನೇನರ ಅಂದ್ನಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇವತ್ತಽ ನಿಮ್ಮ ಜೋಡಿ ಹೊಂಡತೀನಿ, ಪಿಶವಿ ತುಂಬಿಟ್ಟೀನಿ.”

ಅಲ್ಲಿಗೆ ನಿಲ್ಲಿಸಿದ್ದರೆ ಪಾರಿಸ ಮಾಸ್ತರರಂಥ ಸುಖಿ ನಾಲ್ಕು ತಾಲೂಕುಗಳಲ್ಲಿ ಇರುತ್ತಿರಲಿಲ್ಲ. ಅಮಿತನೇ ಕೇಳಿದ, “ಬಂದ್ ಮಾಡ್ಲ್ಯಾ?” ಎಂದು. ಆದರೆ ಮಾಸ್ತರರು ಅರ್ಧ ಸಾಧಿಸಿ ಬಿಡುವವರೇ?

“ತಡಿ ತಡಿ, ಇರಲಿ. ಸೇತುವೆ ಏರೂ ಮುಂದ ಇನ್ನೂ ಜೋರ ಬಡಿತೈತಿ. ಎಲ್ಲಾರೂ ಕೇಳ್ರಿ!”

ಅಮಿತ ರೆಕಾರ್ಡಿಂಗನ್ನು ಅಷ್ಟು ಮುಂದಕ್ಕೆ ಸರಿಸಿದ. ಎಲ್ಲರೂ ಕಿವಿಗೊಟ್ಟರು. ಪೆಟ್ಟಿಗೆಗಳಿಂದ ಮಾಸ್ತರರ ದನಿ ಬಂತು. ಒಬ್ಬರೇ ಇದ್ದಾಗ ಕಾರಿನಲ್ಲಿ ತಮಗೆ ತಾವೇ ಮಾತಾಡಿಕೊಳ್ಳುವುದು ಅವರ ಹಳೆಯ ಚಟ. ಅದು ಚಟವೆಂದು ಅವರಿಗೇ ಗೊತ್ತಿರಲಿಲ್ಲ.

“ಥೂ ಇವ್ನ... ವಾಸ್ತುಶಾಂತಿ ದಿನಾ ಮ್ಯಾಚ್ ನೋಡ್ಕೋತ ಕುಂತ ಪಂಕ್ಚರ ಅಂತ ಸುಳ್ಳ ಹೇಳಿದ್ನಿ, ನಂಬಿದ್ರು. ಮಾವನ ಹುಟ್ಟಿದ ದಿನಾ ಮಲಕೊಂಡ ಬ್ಯಾಟರಿ ಡೌನ್ ಅಂದ್ನಿ, ಅದನ್ನೂ ನಂಬಿದ್ರು. ಇವತ್ತ ಖರೇ ಹೇಳಿದ್ರ ಒಬ್ರೂ ನಂಬವಲ್ರು. ಏನ್ ಮಂದಿ ಅಂತೀನಿ!”

ಗಂಡಿನ ತಂದೆಗೆ ಕನ್ನಡ ಬಾರದು. “ಕಾಯ ಮ್ಹಣತಾಯತ?” ಎಂದು ಪಕ್ಕದವರನ್ನು ಕೇಳಿದರು. ಅಮಿತ ಉಪಚಾರದಲ್ಲಿ ಎಂದೂ ಹಿಂದೆ ಬಿದ್ದವನಲ್ಲ. ಆ ಅಷ್ಟೂ ಮಾತನ್ನು ಅಚ್ಚುಕಟ್ಟಾಗಿ ಮರಾಠಿಗೆ ಇಳಿಸಿ ಹೇಳಿದ.

“ಬಂದ್ ಮಾಡ್ಲೇ ಅಮಿತ!”

“ಲಾಕ್ ಆಗೈತ್ರಿ ಮಾಸ್ತರ, ನಂಬರ ಹೇಳ್ರಿ.”

ಮಾಸ್ತರರಿಗೆ ನಂಬರು ನೆನಪಾಗಲಿಲ್ಲ. ಗಣಿತದ ಮಾಸ್ತರರಿಗೆ ನಾಲ್ಕೇ ನಾಲ್ಕು ಅಂಕಿ ನೆನಪಾಗಲಿಲ್ಲ! ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ಕಾರು ನಿಂತ ಸದ್ದು, ಎಣ್ಣೆ ಚರಚರ ಕಾಯುವ ಸದ್ದು.

“ಬರ್ರಿ ಸರ, ದಿನಾ ಒಂದ ಪ್ಲೇಟ ಕಾಂದಾ ಭಜಿ. ಇವತ್ತೂ ಒಂದಲ್ರೀ?”

“ಇವತ್ತ ಎರಡ ಕೊಡಪಾ. ಮಾವನ ಮನ್ಯಾಗ ಕಾಂದಾ ಇಲ್ಲ, ಬೆಳ್ಳೊಳ್ಳಿ ಇಲ್ಲ, ಜಡ್ಡಬಿದ್ದವ್ರ ಸಾರ ಉಣಬೇಕು.”

ಅತ್ತೆಯ ಕೈಯಿಂದ ಸಾರಿನ ಸೌಟು ಜಾರಿ ಬಿತ್ತು. ಗಂಡಿನ ತಾಯಿ ಎಲೆಯ ಮುಂದೆ ಕೈ ಮುಗಿದು, “ಅರೆ ದೇವಾ” ಎಂದರು. ಅದನ್ನು ಯಾರೂ ಮರಾಠಿಗೆ ಇಳಿಸಬೇಕಾಗಿರಲಿಲ್ಲ, ಕಾಂದಾ ಭಜಿ ಎರಡೂ ಭಾಷೆಯಲ್ಲಿ ಕಾಂದಾ ಭಜಿಯೇ. ಮಾಸ್ತರರು ಪೆಟ್ಟಿಗೆಗಳತ್ತ ಓಡಿ ಕೈಗೆ ಸಿಕ್ಕ ವಾಯರು ಕಿತ್ತರು. ಪೆಂಡಾಲಿನ ಫ್ಯಾನುಗಳು ನಿಂತವು. ಇನ್ನೊಂದು ಕಿತ್ತರು. ದೀಪದ ಸರ ಆರಿತು. ಪೆಟ್ಟಿಗೆಗಳು ಬ್ಯಾಟರಿಯ ಮೇಲಿದ್ದವು, ಮಾತಾಡುತ್ತಲೇ ಇದ್ದವು.

“ಅಮಿತಂದ ಗಾಡಿ ದೊಡ್ಡದು, ಬುದ್ಧಿ ಸಣ್ಣದು. ಮುಂದ ಮುಂದ ಓಡ್ಯಾಡಿ ಮಾವನ್ನ ಖುಷಿ ಮಾಡೂದಽ ಅವನ ಉದ್ಯೋಗ.”

ಗಂಡಿನ ತಂದೆ ಅಮಿತನತ್ತ ನೋಡಿದರು. ಅಮಿತ ಈ ಸಲ ಮರಾಠಿ ಬಿಟ್ಟು ಕುರ್ಚಿಗಳನ್ನು ಸರಿಪಡಿಸತೊಡಗಿದ.

ಇನ್ನು ಸಾಕು ಎಂದು ಯಾರಾದರೂ ದೇವರಿಗೆ ಹೇಳಬಾರದಿತ್ತೇ? ಕೊನೆಯದು ಬಂತು. ಟಕ್ ಟಕ್ ಟಕ್ ಎಂಬ ಸಪ್ಪಳದ ನಡುವೆ ಮಾಸ್ತರರು ಆರಾಮಾಗಿ ಭಜಿ ಅಗಿಯುತ್ತ ಹೇಳಿದ್ದರು: “ಹೆಂಗರ ಇರಲಿ, ಎಂಟ ದಿನಾ ರಾಜಮತಿ ಇಲ್ಲದ ಮನಿ ಎಷ್ಟ ಶಾಂತ ಐತಿ! ಅಲ್ಲಿಡಬ್ಯಾಡ್ರಿ, ಇಲ್ಲಿ ಕುಂಡರಬ್ಯಾಡ್ರಿ ಅನ್ನಾವರ ಇಲ್ಲ. ಈ ಗಾಡಿ ಸಪ್ಪಳ ಒಂದ ನಿಂತ್ರ ಸ್ವರ್ಗ ನೋಡ.”

ಅಲ್ಲಿಗೆ ರೆಕಾರ್ಡಿಂಗ್ ತಾನಾಗಿಯೇ ಮುಗಿಯಿತು. ಮಾಸ್ತರರು ಎರಡೂ ಕೈಯಲ್ಲಿ ವಾಯರು ಹಿಡಿದು ಗರಬಡಿದವರಂತೆ ನಿಂತಿದ್ದರು.

ಮಾವ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತ ಮೆಲ್ಲಗೆ ಹೇಳಿದರು: “ಮಾಸ್ತರ, ಸಪ್ಪಳ ಖರೇ ಐತಿ ಬಿಡ್ರಿ, ನಂಬಿದ್ವಿ. ಉಳದದ್ದನ್ನೂ ನಂಬಿದ್ವಿ.”

“ಮಾವಾರ, ಅದು ಸುಮ್ಮನ ಚ್ಯಾಷ್ಟಿಗೆ...”

ರಾಜಮತಿ ಒಳಗೆ ಹೋಗಿ ತುಂಬಿಟ್ಟಿದ್ದ ಚೀಲ ತಂದಳು. ಮಾಸ್ತರರ ಜೀವ ಬಂದಂತಾಯಿತು. ಅವಳು ಚೀಲದೊಳಗಿಂದ ಗಂಡನ ಎರಡು ಇಸ್ತ್ರಿ ಅಂಗಿ ತೆಗೆದು ಅವರ ತೋಳಿನ ಮೇಲಿಟ್ಟು, ಚೀಲವನ್ನು ಮತ್ತೆ ಒಳಗೆ ಒಯ್ದಳು. ಬಾಗಿಲಲ್ಲಿ ಒಮ್ಮೆ ತಿರುಗಿ, “ಶಾಂತ ಇರ್ರಿ” ಎಂದಳು. ದನಿ ಏರಿಸಲೇ ಇಲ್ಲ.

ಹೊತ್ತು ಮುಳುಗುವ ಮುನ್ನ ಮಾಸ್ತರರು ಒಬ್ಬರೇ ಕಾಗವಾಡ ಬಿಟ್ಟರು. ಊರ ಹೊರಗೆ ಬಂದು ಕಾಲು ಒತ್ತಿದರು. ಟಕ್ ಟಕ್ ಟಕ್ ಟಕ್. ನಾಚಿಕೆ, ಸಿಟ್ಟು, ಹಸಿವು ಎಲ್ಲ ಒಟ್ಟಿಗೇ ನೆತ್ತಿಗೇರಿತು. “ನಿನ್ನ ದೆಸೆಯಿಂದ ಆತಲ್ಲೋ ಇದೆಲ್ಲಾ!” ಎಂದು ಪಕ್ಕದ ಖಾಲಿ ಸೀಟಿಗೆ ಎಡಗೈಯಿಂದ ದಬ್ ಎಂದು ಗುದ್ದಿ ಹಾಗೇ ಒತ್ತಿ ಹಿಡಿದರು.

ಸಪ್ಪಳ ನಿಂತಿತು.

ಕೈ ತೆಗೆದರು. ಟಕ್ ಟಕ್ ಟಕ್. ಕೈ ಇಟ್ಟರು. ನಿಶ್ಶಬ್ದ. ಮಾಸ್ತರರು ಬ್ರೇಕು ಹಾಕಿ, ಇಳಿದು, ಆ ಕಡೆಯ ಬಾಗಿಲು ತೆಗೆದು ಸೀಟು ಅಲ್ಲಾಡಿಸಿದರು. ಅಡಿಯ ಬೋಲ್ಟು ಸಡಿಲಾಗಿ, ಖಾಲಿ ಸೀಟು ಎಮ್ಮೆ ಕರುವಿನ ತಲೆಯ ಹಾಗೆ ಆಡುತ್ತಿತ್ತು. ಕಾರು ವೇಗ ಹಿಡಿದಾಗ ಸೀಟು ಹಿಂದಕ್ಕೆ ವಾಲಿ ಬಡಿಯುತ್ತಿತ್ತು, ಅಷ್ಟೇ. ಅದರ ಮೇಲೆ ಒಬ್ಬರು ಕುಳಿತರೆ ಎಲ್ಲಿಯ ಸಪ್ಪಳ? ಕೇಳಲು ಬಂದ ಲಗಮಣ್ಣ ಅದರ ಮೇಲೇ ಕುಳಿತಿದ್ದ. ಶಿವಗಂಗವ್ವ ಅದರ ಮೇಲೇ ಮಲಗಿದ್ದಳು. ದಾದಾಸಾಹೇಬ ಕಿವಿಗೊಟ್ಟಿದ್ದು ಅದರ ಮೇಲೆ ಕುಳಿತೇ. ಅವನು ಓಡಿಸಿದಾಗ ಸ್ವತಃ ಮಾಸ್ತರರೇ ಅದರ ಮೇಲಿದ್ದರು. ಅದು ರಾಜಮತಿಯ ಸೀಟು. ಅವಳನ್ನು ಕಾಗವಾಡದಲ್ಲಿ ಇಳಿಸಿದ ಕ್ಷಣದಿಂದಲೇ ಸಪ್ಪಳ ಶುರುವಾಗಿತ್ತು.

ಮಾಸ್ತರರಿಗೆ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಫೋನು ಮಾಡಿದರು.

“ರಾಜಮತಿ, ಸಿಕ್ತು, ಸಿಕ್ತು! ನಿನ್ನ ಸೀಟಽ ಬಡಿತಿತ್ತು. ನೀ ಇಲ್ಲಂತಽ ಬಡಿತಿತ್ತು. ನೀ ಕುಂತರ ಸಪ್ಪಳಽ ಇಲ್ಲ. ಖರೇನ ಹೇಳಾಕತ್ತೀನಿ, ಗಾಡಿ ತಿರಗಸ್ತೀನಿ, ಬಾ!”

ರಾಜಮತಿ, “ಹೌದೇನ್ರಿ? ರೆಕಾರ್ಡ ಮಾಡಿ ಕಳಸ್ರಿ. ಎಲ್ಲಾರೂ ಕೂಡಿ ಕೇಳತೀವಿ” ಎಂದು ಫೋನಿಟ್ಟಳು.

ಬೋಲ್ಟು ಬಿಗಿಯಲು ಪಾನಾ ಇರಲಿಲ್ಲ. ಆ ಸಪ್ಪಳವನ್ನು ಇನ್ನೊಮ್ಮೆ ಕೇಳುವ ಶಕ್ತಿಯೂ ಇರಲಿಲ್ಲ. ಮಾಸ್ತರರು ಬಲಗೈಯಲ್ಲಿ ಸ್ಟೇರಿಂಗು ಹಿಡಿದು, ಎಡಗೈಯಿಂದ ರಾಜಮತಿಯ ಸೀಟನ್ನು ಒತ್ತಿ ಹಿಡಿದು ಹೊರಟರು. ಗೇರು ಬದಲಿಸಲು ಕೈ ಉಳಿಯಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳೂ ಹಾರ್ನು ಹೊಡೆದು ಅವರನ್ನು ಹಿಂದೆ ಹಾಕಿ ಹೋದವು. ಪಾರಿಸ ಮಾಸ್ತರರು ಕಾಗವಾಡದಿಂದ ಅಂಕಲಿಯವರೆಗೂ ಸೆಕೆಂಡ್ ಗೇರಿನಲ್ಲೇ ಬಂದರು.